ಎಂಜಿನ್ ಹೋದ ಮೇಲೆ ಯಾವ ರೇಡಿಯೇಟರ್? ಡೀಸೆಲ್ ಜೀಪಿನವರಿಗೆ ಒಂದಿಷ್ಟು ವಿವರ

ಘಾಟಿ ಹತ್ತುವಾಗ ಬಿಸಿಯಾಗಿ ನಿಂತುಹೋದ ಜೀಪು ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹೊಸ ವಿಷಯವಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಗ್ಯಾರೇಜಿಗೆ ತರುತ್ತಾರೆ. ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಹೆಡ್ ಬಿಚ್ಚುತ್ತಾರೆ. ಹೆಡ್ ಕೆಳಗಿನ ತೆಳು ಪದರ, ಅಂದರೆ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬೆಂಡಾಗಿದೆ, ಪಿಸ್ಟನ್ ಓಡಾಡುವ ಬೋರ್ ಕೆಲಸವೂ ಇದೆ ಎಂದು ಪಟ್ಟಿ ಬೆಳೆಯುತ್ತದೆ. ಆ ಪಟ್ಟಿ ನೋಡಿ ನಮ್ಮ ತಲೆ ಬಿಸಿಯಾಗಿರುವ ಹೊತ್ತಿಗೇ ಮೆಕ್ಯಾನಿಕ್ ಇನ್ನೊಂದು ಪ್ರಶ್ನೆ ಕೇಳುತ್ತಾನೆ: "ಸಾರ್, ರೇಡಿಯೇಟರ್ ಏನ್ ಮಾಡೋಣ? ಹಳೇದನ್ನೇ ತೊಳ್ದು ಹಾಕೋದಾ, ಹೊಸದು ತರೋದಾ?"

ಎಂಜಿನ್ನಿಗೆ ಅಷ್ಟೊಂದು ದುಡ್ಡು ಸುರಿದವರು ಇಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ಇದೊಂದರಲ್ಲಾದರೂ ಉಳಿಯಲಿ ಅಂತ ಹಳೆಯದನ್ನೇ ಹಾಕಿಸುತ್ತಾರೆ. ಇಲ್ಲವೇ ಹೆದರಿಕೆಯಲ್ಲಿ ಅಂಗಡಿಯಲ್ಲಿರುವ ದಪ್ಪದ, ದುಬಾರಿ ರೇಡಿಯೇಟರ್ ತಂದು ಕೂರಿಸುತ್ತಾರೆ. ಎರಡೂ ಸರಿಹೋಗಬಹುದು, ಎರಡೂ ಕೈಕೊಡಬಹುದು. ಅದು ಮುಖ್ಯವಾಗಿ ಎರಡು ವಿಷಯಗಳ ಮೇಲೆ ನಿಂತಿದೆ: ಎಂಜಿನ್ ಯಾಕೆ ಹೋಯಿತು, ಮತ್ತು ನಿಮ್ಮ ಗಾಡಿ ಓಡುವ ಜಾಗದಲ್ಲಿ ರೇಡಿಯೇಟರ್ ಒಳಗೆ ಎಷ್ಟು ಗಾಳಿ ಹೋಗುತ್ತದೆ.

ಶಾಖ ಹೋಗುವ ದಾರಿ

ಡೀಸೆಲ್ ಉರಿದಾಗ ಬರುವ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸುಮಾರು ಮೂರನೇ ಒಂದು ಭಾಗ, ಹೊಸ ಎಂಜಿನ್ನುಗಳಲ್ಲಿ ಚೂರು ಜಾಸ್ತಿ, ಗಾಡಿ ಓಡಿಸಲು ಸಿಗುತ್ತದೆ. ಉಳಿದದ್ದು ಶಾಖ. ಅದರಲ್ಲಿ ದೊಡ್ಡ ಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಇನ್ನೊಂದು ಪಾಲು ಎಂಜಿನ್ ಗೋಡೆಗಳಿಂದ ಕೂಲಂಟ್‌ಗೆ ಇಳಿಯುತ್ತದೆ. ಕೂಲಂಟ್ ಅಂದರೆ ನೀರು ಮತ್ತು ಗ್ಲೈಕಾಲ್ ಬೆರೆಸಿದ ದ್ರವ. ಅದನ್ನು ವಾಟರ್ ಪಂಪ್ ಸುತ್ತಿಸುತ್ತಿರುತ್ತದೆ.

2020ರಲ್ಲಿ ಬಂದ ಮಹೀಂದ್ರದ ಹೊಸ ಥಾರ್‌ನ 2.2 ಲೀಟರ್ ಡೀಸೆಲ್ ಎಂಜಿನ್ 130 ಎಚ್‌ಪಿಯದು. ಅಂಥ ಎಂಜಿನ್ ಪೂರ್ತಿ ಶಕ್ತಿ ಹಾಕಿ ದುಡಿಯುವಾಗ ಕೂಲಂಟ್‌ಗೆ ಇಳಿಯುವ ಶಾಖ ಅಂದಾಜು 60 ಕಿಲೋವ್ಯಾಟ್. ಮನೆಯ ಬಚ್ಚಲಿನ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ಅಂದರೆ 30 ಗೀಸರ್ ಒಟ್ಟಿಗೆ ಹಾಕಿದಷ್ಟು ಶಾಖವನ್ನು ಬಾನೆಟ್ ಕೆಳಗಿನ ಆ ಒಂದು ಜಾಲರಿ ಗಾಳಿಗೆ ಬಿಡಬೇಕು. ಒಂದೆರಡು ನಿಮಿಷ ಬಿಡದಿದ್ದರೂ ಏನಾಗುತ್ತದೆ ಅಂತ ಊಹಿಸಿಕೊಳ್ಳಬಹುದು.

ರೇಡಿಯೇಟರ್ ಒಳಗೆ ತೆಳ್ಳನೆಯ ಚಪ್ಪಟೆ ಕೊಳವೆಗಳಿವೆ. ಅವುಗಳಲ್ಲಿ ಕೂಲಂಟ್ ಹರಿಯುತ್ತದೆ. ಕೊಳವೆಗಳ ನಡುವೆ ಅಲೆಅಲೆಯಾಗಿ ಮಡಚಿದ ತೆಳು ತಗಡು ಇರುತ್ತದೆ, ಅದೇ ಫಿನ್. ಕೊಳವೆ, ಫಿನ್ ಎರಡೂ ಸೇರಿದ ಭಾಗಕ್ಕೆ ಕೋರ್ ಎನ್ನುತ್ತಾರೆ. ಕೋರ್‌ನ ಎರಡು ತುದಿಯಲ್ಲಿರುವ ಡಬ್ಬಗಳು ಟ್ಯಾಂಕ್. ಶಾಖ ಕೂಲಂಟ್‌ನಿಂದ ಕೊಳವೆಗೆ, ಕೊಳವೆಯಿಂದ ಫಿನ್‌ಗೆ, ಫಿನ್‌ನಿಂದ ಗಾಳಿಗೆ ದಾಟುತ್ತದೆ. ಈ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಕೊನೆಯದು, ಫಿನ್‌ನಿಂದ ಗಾಳಿಗೆ ಹೋಗುವ ಹಂತ. ಲೋಹ ಶಾಖವನ್ನು ಸಲೀಸಾಗಿ ಒಯ್ಯುತ್ತದೆ, ಗಾಳಿ ಅಷ್ಟು ಸುಲಭದಲ್ಲಿ ಎತ್ತಿಕೊಳ್ಳುವುದಿಲ್ಲ. ಈ ಮಾತು ನೆನಪಿನಲ್ಲಿದ್ದರೆ ಅಂಗಡಿಯಲ್ಲಿ ಕೇಳಿಬರುವ ಅರ್ಧ ವಾದಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊದಲು, ಎಂಜಿನ್ ಯಾಕೆ ಹೋಯ್ತು?

ಎಂಜಿನ್ ಹೋಯಿತು ಎನ್ನುವುದರಲ್ಲಿ ಹಲವು ಬಗೆ ಇದೆ. ಇಂಜೆಕ್ಟರ್ ಕೆಟ್ಟು ಪಿಸ್ಟನ್ ತೂತಾಗಿರಬಹುದು. ಆಯಿಲ್ ಕಡಿಮೆಯಾಗಿ ಬೇರಿಂಗ್ ಕಚ್ಚಿರಬಹುದು. ಟೈಮಿಂಗ್ ಚೈನ್ ಹೋಗಿರಬಹುದು. ಇವಕ್ಕೆಲ್ಲ ರೇಡಿಯೇಟರ್ ಕಾರಣವಲ್ಲ. ಆದರೆ ಹೆಡ್ ಬೆಂಡ್, ಗ್ಯಾಸ್ಕೆಟ್ ಸುಟ್ಟಿರುವುದು, ಹೆಡ್‌ನಲ್ಲಿ ಬಿರುಕು, ಪಿಸ್ಟನ್ ಉಬ್ಬಿ ಬೋರ್ ಗೀಚಿರುವುದು, ಇವು ಕಂಡರೆ ಶಾಖದ ಕಡೆ ಬೆರಳು ತೋರಿಸಬಹುದು.

ಹಾಗಿದ್ದರೂ ರೇಡಿಯೇಟರೇ ಕಳ್ಳ ಅಂತ ತೀರ್ಮಾನಿಸಬೇಡಿ. ಕೂಲಂಟ್ ಸೋರಿ ಹೋಗಿದ್ದರೆ ಹೋಸ್ ಪೈಪಿನದ್ದೋ, ಸೋರುತ್ತಿದ್ದ ವಾಟರ್ ಪಂಪಿನದ್ದೋ ತಪ್ಪಿರಬಹುದು. ಪಂಪಿನ ಒಳಗಿನ ರೆಕ್ಕೆ ಸವೆದು ಹೋಗಿರಬಹುದು. ಬಿಸಿಯಾದಾಗ ಕೂಲಂಟ್ ದಾರಿ ತೆರೆಯುವ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಅಂಟಿಕೊಂಡಿರಬಹುದು. ಬಿಸಿಯಾದಾಗ ಫ್ಯಾನನ್ನು ಬಿಗಿ ಹಿಡಿದು ತಿರುಗಿಸುವ ಫ್ಯಾನ್ ಕ್ಲಚ್ ಸಡಿಲಾಗಿರಬಹುದು. ಈ ನಾಲ್ಕನ್ನು ನೋಡದೆ ಬರೀ ರೇಡಿಯೇಟರ್ ಬದಲಾಯಿಸಿದರೆ ಹೊಸ ಎಂಜಿನ್ನೂ ಅದೇ ದಾರಿ ಹಿಡಿಯುತ್ತದೆ. ಬಿಚ್ಚಿದ ಭಾಗಗಳನ್ನು ಎಸೆಯಬೇಡಿ ಅಂತ ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ. ಕಾರಣ ಹುಡುಕಲು ಉಳಿದಿರುವ ಸಾಕ್ಷಿ ಅವೇ.

ಮುಳ್ಳು ನಡುವೆಯೇ ಇತ್ತಲ್ಲ!

"ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಲೇ ಇಲ್ಲ" ಎಂದು ಬಹಳ ಜನ ಹೇಳುತ್ತಾರೆ. ಸುಳ್ಳಲ್ಲ. ಇದಕ್ಕೆ ಎರಡು ಕಾರಣ.

ಈಗಿನ ಗಾಡಿಗಳಲ್ಲಿ ಮುಳ್ಳು ನಿಜವಾದ ಬಿಸಿಯನ್ನು ಹಾಗೆಹಾಗೇ ತೋರಿಸುವುದಿಲ್ಲ. ಸ್ವಲ್ಪ ಏರಿಳಿತವಾದರೆ ಜನ ಗಾಬರಿಯಾಗಿ ಸರ್ವೀಸ್ ಸೆಂಟರ್‌ಗೆ ಓಡಿಬರುತ್ತಾರೆಂದು, ಇಪ್ಪತ್ತು ಮೂವತ್ತು ಡಿಗ್ರಿ ವ್ಯತ್ಯಾಸವಾದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲ್ಲಾಡಿತು ಅಂದರೆ ಆಗಲೇ ತಡವಾಗಿದೆ.

ಎರಡನೆಯದು ಇನ್ನೂ ಮೋಸದ್ದು. ಬಿಸಿ ಅಳೆಯುವ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಪೈಪ್ ಒಡೆದು ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಸುತ್ತ ಇರುವುದು ಗಾಳಿ ಮತ್ತು ಆವಿ. ಆಗ ಮುಳ್ಳು ಏರುವ ಬದಲು ಇಳಿಯಲೂಬಹುದು. ಹೆಡ್ ಮಾತ್ರ ಒಳಗೊಳಗೇ ಬೇಯುತ್ತಿರುತ್ತದೆ.

ಹಾಗಾಗಿ ರೇಡಿಯೇಟರ್ ಖರ್ಚಿನ ಜೊತೆಗೇ ಕೂಲಂಟ್ ಮಟ್ಟ ಇಳಿದರೆ ಕೂಗುವ ಅಲಾರಂ ಒಂದನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಹೆಡ್‌ನ ಲೋಹಕ್ಕೇ ಬೋಲ್ಟ್ ಮಾಡುವ ಸೆನ್ಸರ್ ಕೂಡ ಸಿಗುತ್ತದೆ. ಕೂಲಂಟ್ ಇಲ್ಲದಿದ್ದರೂ ಅದು ಲೋಹದ ಬಿಸಿ ಹೇಳುತ್ತದೆ. ಎಂಜಿನ್ ಕೆಲಸದ ಬಿಲ್ಲಿನ ಮುಂದೆ ಇದು ಏನೂ ಅಲ್ಲ.

ಹಳೆಯದನ್ನೇ ತೊಳೆದು ಹಾಕಬಹುದಾ?

ಕೆಲವು ಸಲ ಹಾಕಬಹುದು. ಟೈಮಿಂಗ್ ಚೈನ್ ಹೋಗಿ ಎಂಜಿನ್ ನಿಂತಿದ್ದರೆ, ರೇಡಿಯೇಟರ್ ಮೂರ್ನಾಲ್ಕು ವರ್ಷದ ಒಳಗಿನದಾಗಿದ್ದರೆ, ಪ್ರೆಷರ್ ಟೆಸ್ಟ್‌ನಲ್ಲಿ ಪಾಸಾದರೆ ಸುಮ್ನೆ ಬದಲಾಯಿಸುವ ಅಗತ್ಯವಿಲ್ಲ. ಉಳಿದ ಸಂದರ್ಭಗಳಲ್ಲಿ ಅನುಮಾನ ಇಟ್ಟುಕೊಳ್ಳಿ.

ಗ್ಯಾಸ್ಕೆಟ್ ಹೋದಾಗ ಸಿಲಿಂಡರ್ ಒಳಗಿನ ಉರಿಯ ಒತ್ತಡ ಕೂಲಂಟ್ ದಾರಿಗೆ ನುಗ್ಗಿರುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ಅದು ಈ ಒತ್ತಡ, ಈ ಬಿಸಿ ಎರಡನ್ನೂ ಉಂಡಿದೆ. ಕಪ್ಪಗಿದ್ದ ಟ್ಯಾಂಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪೈಪ್ ಕೂರುವ ಕುತ್ತಿಗೆಯ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದರ ಆಯಸ್ಸು ಮುಗಿದಿದೆ.

ಆಯಿಲ್ ಕೂಲಂಟ್‌ಗೆ ಬೆರೆತಿದ್ದರೆ ಒಳಗೆಲ್ಲ ಕೆನೆಯಂಥ ಜಿಡ್ಡು ಕೂತಿರುತ್ತದೆ. ಕೊಳವೆಗಳ ದಾರಿ ಕೆಲವು ಮಿಲಿಮೀಟರ್ ಮಾತ್ರ. ಎಷ್ಟು ತೊಳೆದರೂ ಪೂರ್ತಿ ಹೋಗುವುದು ಕಷ್ಟ. ಹೋಸ್ ಪೈಪುಗಳ ರಬ್ಬರ್ ಕೂಡ ಆಯಿಲ್ ಕುಡಿದು ಉಬ್ಬಿ ಮೆತ್ತಗಾಗಿರುತ್ತದೆ. ಒತ್ತಿ ನೋಡಿದರೆ ತಿಳಿಯುತ್ತದೆ. ಅವನ್ನೂ ಬದಲಿಸಬೇಕು.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕುವುದು. ದಾರಿ ಮಧ್ಯೆ ಮನೆ ಮುಟ್ಟಿಸಲು ಕೆಲಸ ಮಾಡುತ್ತದೆ, ಅಲ್ಲ ಅನ್ನುವುದಿಲ್ಲ. ಆದರೆ ತೂತು ಮುಚ್ಚುವ ಪುಡಿಗೆ ತೂತು ಯಾವುದು, ಕೊಳವೆಯ ಬಾಯಿ ಯಾವುದು ಅಂತ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಯೂ ಅಷ್ಟೇ. ಇಂಥದ್ದು ಬಿದ್ದಿರುವ ರೇಡಿಯೇಟರನ್ನು ಹೊಸ ಎಂಜಿನ್ನಿಗೆ ಜೋಡಿಸಬೇಡಿ.

ಬೋರ್‌ವೆಲ್ ನೀರು ಹುಯ್ದು ಓಡಿಸಿದ ಗಾಡಿಯಾದರೆ, ಅದೂ ಕೋಲಾರ, ತುಮಕೂರು ಕಡೆಯ ಗಡಸು ನೀರಾದರೆ, ಕೊಳವೆ ಒಳಗೆ ಬಿಳಿ ಸುಣ್ಣ ಕಟ್ಟಿರುತ್ತದೆ. ಈ ಸುಣ್ಣ ಶಾಖವನ್ನು ಒಯ್ಯುವುದು ಅಲ್ಯೂಮಿನಿಯಂಗೆ ಹೋಲಿಸಿದರೆ ನೂರರಲ್ಲಿ ಒಂದು ಪಾಲಿನಷ್ಟು. ತೆಳ್ಳಗಿನ ಪದರವೇ ಸಾಕು, ರೇಡಿಯೇಟರ್ ಅರ್ಧ ಸತ್ತಂತೆ.

ಇದನ್ನೆಲ್ಲ ಕಣ್ಣಳತೆಯಲ್ಲೇ ಬಿಡಬೇಕಾಗಿಲ್ಲ. ಎಂಜಿನ್ ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ ಅದು ಪೂರ್ತಿ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕೋರ್ ಮೇಲೆ ಸಾಲುಸಾಲಾಗಿ ನೋಡಬಹುದು. ನಡುವೆ ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ತಣ್ಣಗಿದ್ದರೆ ಅಲ್ಲಿ ಕೊಳವೆ ಕಟ್ಟಿದೆ. ಗಾಡಿ ನಿಂತೇ ಹೋಗಿದ್ದರೆ ಕೆಳಮೂಲೆಯ ಫಿನ್ನನ್ನು ಉಗುರಿನಿಂದ ಮೆಲ್ಲಗೆ ಗೀರಿ ನೋಡಿ. ಗಟ್ಟಿ ಇದ್ದರೆ ಸ್ವಲ್ಪ ಬಾಗುತ್ತದೆ. ಸತ್ತಿದ್ದರೆ ಪುಡಿಯಾಗಿ ಉದುರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ನೀರು ಎಲ್ಲೂ ಸೋರದಿದ್ದರೂ ಫಿನ್ ಇಲ್ಲದ ಕೊಳವೆಯಿಂದ ಶಾಖ ಹೋಗುವುದಿಲ್ಲ.

ತಾಮ್ರವೋ, ಅಲ್ಯೂಮಿನಿಯಂ ಒಳ್ಳೆಯದೋ?

ಹಳೆಯ ಜೀಪುಗಳಲ್ಲಿ ತಾಮ್ರದ ಫಿನ್, ಹಿತ್ತಾಳೆಯ ಕೊಳವೆ ಮತ್ತು ಟ್ಯಾಂಕ್ ಇರುವ ರೇಡಿಯೇಟರ್ ಬರುತ್ತಿತ್ತು. ಈಗ ಕಂಪನಿಯಿಂದ ಬರುವುದು ಬಹುಪಾಲು ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್. ಟ್ಯಾಂಕನ್ನು ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಂಚು ಮಡಚಿ ಕೂರಿಸಿರುತ್ತಾರೆ. ಮೂರನೆಯ ಬಗೆ ಟ್ಯಾಂಕೂ ಅಲ್ಯೂಮಿನಿಯಂ ಆಗಿದ್ದು ಪೂರ್ತಿ ವೆಲ್ಡ್ ಮಾಡಿದ್ದು. ಆಫ್‌ರೋಡ್ ಸ್ಪರ್ಧೆಯವರು ಹುಡುಕುವುದು ಇದನ್ನೇ.

ತಾಮ್ರ ಶಾಖವನ್ನು ಅಲ್ಯೂಮಿನಿಯಂಗಿಂತ ಚೆನ್ನಾಗಿ ಒಯ್ಯುತ್ತದೆ, ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಹಾಗಾದರೆ ಕಾಪರ್ ರೇಡಿಯೇಟರೇ ಮೇಲು ಅಲ್ವಾ? ಅಷ್ಟು ಸರಳವಲ್ಲ. ಅಲ್ಲಿ ಕೊಳವೆಗಳು ಹಿತ್ತಾಳೆಯವು. ಹಿತ್ತಾಳೆ ಅಲ್ಯೂಮಿನಿಯಂಗಿಂತ ಹಿಂದೆ. ಕೊಳವೆಗೆ ಫಿನ್ ಅಂಟಿರುವುದು ಸೀಸ-ತವರದ ಬೆಸುಗೆಯಿಂದ, ಅದು ಇನ್ನೂ ಹಿಂದೆ. ಅಲ್ಯೂಮಿನಿಯಂ ಕೋರ್‌ನಲ್ಲಿ ಕೊಳವೆ, ಫಿನ್ ಎರಡೂ ಕುಲುಮೆಯಲ್ಲಿ ಒಟ್ಟಿಗೆ ಬೆಸೆದುಕೊಂಡಿರುತ್ತವೆ. ಕೊಳವೆಯನ್ನು ಅಗಲ ಮಾಡಲೂ ಸಾಧ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಶಾಖಕ್ಕೆ ನಿಜವಾದ ಅಡ್ಡಿ ಗಾಳಿಯ ಕಡೆಗಿದೆ ಎಂದೆವಲ್ಲ, ಅದಕ್ಕೆ ಲೋಹ ಯಾವುದಾದರೂ ದೊಡ್ಡ ಬದಲಾವಣೆ ಇಲ್ಲ.

ಹಾಗಂತ ತಾಮ್ರಕ್ಕೆ ಬೆಲೆ ಇಲ್ಲ ಎಂದಲ್ಲ. ಅದನ್ನು ರಿಪೇರಿ ಮಾಡಬಹುದು. ಯಾವುದೇ ತಾಲೂಕು ಕೇಂದ್ರದಲ್ಲಿ ಗ್ಯಾಸ್ ಹಚ್ಚಿ ಬೆಸುಗೆ ಹಾಕುವವರು ಇನ್ನೂ ಇದ್ದಾರೆ. ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಉದ್ದನೆಯ ಪಟ್ಟಿ ತೂರಿಸಿ ಕಸ ತೆಗೆಯುತ್ತಾರೆ. ಮಹೀಂದ್ರದ ಹಳೆಯ ಎಂಎಂ 540ರಂಥ ಸಣ್ಣ ಶಕ್ತಿಯ ಜೀಪಿಗೆ, ತೋಟದ ಒಳಗೇ ಓಡಾಡುವ ಗಾಡಿಗೆ ಹಳೆಯ ಟ್ಯಾಂಕ್ ಉಳಿಸಿಕೊಂಡು ಹೊಸ ಕೋರ್ ಕಟ್ಟಿಸುವುದು ಈಗಲೂ ಬುದ್ಧಿವಂತಿಕೆಯೇ. ಆದರೆ ತೂಕ ಜಾಸ್ತಿ. ತಾಮ್ರದ ತೂಕ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಹೆಚ್ಚು. ಕುಲುಕಾಟದಲ್ಲಿ ಬ್ರಾಕೆಟ್ ಬಿಡುವುದು, ಬೆಸುಗೆ ಸೀಳುವುದು ಇದಕ್ಕೇ.

ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್ ನೋಡಲು ಚೆಂದ, ಟ್ಯಾಂಕ್ ಒಡೆಯುವ ಭಯ ಇಲ್ಲ. ಕೊಳ್ಳುವಾಗ ನೋಡಬೇಕಾದ್ದು ವೆಲ್ಡ್ ಹೇಗಿದೆ, ಮತ್ತು ಅದು ಗಾಡಿಗೆ ರಬ್ಬರ್ ಮೇಲೆ ಕೂರುತ್ತದೋ ನೇರವಾಗಿ ಬೋಲ್ಟ್ ಆಗುತ್ತದೋ ಎಂಬುದು. ಕಲ್ಲುದಾರಿಯಲ್ಲಿ ಚಾಸಿಸ್ ತಿರುಚಿಕೊಳ್ಳುತ್ತದೆ. ರಬ್ಬರ್ ಇಲ್ಲದಿದ್ದರೆ ಆ ತಿರುಚಾಟವೆಲ್ಲ ವೆಲ್ಡ್ ಮೇಲೆ ಬೀಳುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಮೂಲೆಯಲ್ಲಿ ಬಿರುಕು ಬಿಟ್ಟರೆ ಆಶ್ಚರ್ಯವಿಲ್ಲ. ನನ್ನ ಕೇಳಿದರೆ, ದಿನಬಳಕೆಯ ಗಾಡಿಗೆ ಕಂಪನಿಯ ಅಳತೆಯ, ಒಳ್ಳೆಯ ತಯಾರಕರ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರೇ ಸಾಕು. ಅದೇನೂ ಕಳಪೆಯಲ್ಲ. ವಯಸ್ಸಾದರೆ ಬದಲಿಸಬೇಕಾದ ಸಾಮಾನು, ಅಷ್ಟೇ.

ದಪ್ಪ ಇದ್ದಷ್ಟೂ ತಂಪು ಅನ್ನುವ ನಂಬಿಕೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮಂಗಳೂರಿನಲ್ಲೋ ಬಿಡಿಭಾಗದ ಅಂಗಡಿಗೆ ಹೋದರೆ "ಎರಡು ಸಾಲಿಂದು ಬೇಡ ಸಾರ್, ಮೂರು ಸಾಲಿಂದು ತಗೊಳ್ಳಿ" ಎನ್ನುವ ಸಲಹೆ ಬಂದೇ ಬರುತ್ತದೆ. ಸಾಲು ಅಂದರೆ ಗಾಳಿ ಬರುವ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ಇರುವ ಕೊಳವೆಗಳು.

ಮುಂದಿನ ಸಾಲಿಗೆ ತಣ್ಣನೆಯ ಗಾಳಿ ಸಿಗುತ್ತದೆ. ಅದು ಬಿಸಿಯಾಗಿ ಎರಡನೆಯ ಸಾಲಿಗೆ ಹೋಗುತ್ತದೆ. ಮೂರನೆಯದಕ್ಕೆ ಮುಟ್ಟುವಾಗ ಗಾಳಿ ಆಗಲೇ ಸಾಕಷ್ಟು ಬೆಂದಿರುತ್ತದೆ. ಗಾಳಿಗೂ ಕೂಲಂಟ್‌ಗೂ ಬಿಸಿಯ ಅಂತರ ಕಡಿಮೆಯಾದಷ್ಟೂ ಶಾಖ ದಾಟುವುದು ನಿಧಾನ. ಹಾಗಾಗಿ ಮೂರನೆಯ ಸಾಲು ಮೊದಲನೆಯದರಷ್ಟು ದುಡಿಯುವುದೇ ಇಲ್ಲ. ಇತ್ತ ಕೋರ್ ದಪ್ಪವಾದಂತೆ ಗಾಳಿ ತೂರಿಕೊಂಡು ಹೋಗುವುದೂ ಕಷ್ಟ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಎದುರುಗಾಳಿ ತಳ್ಳುವುದರಿಂದ ದಪ್ಪ ಕೋರ್ ಲಾಭ ಕೊಡಬಹುದು. ಫೋರ್ ಲೋ (ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಗೇರ್) ಹಾಕಿಕೊಂಡು ತೋಟದ ಏರಿನಲ್ಲಿ ಗಂಟೆಗೆ 8-10 ಕಿ.ಮೀ. ವೇಗದಲ್ಲಿ ಹತ್ತುವಾಗ? ಎಂಜಿನ್ ಜೋರಾಗಿ ತಿರುಗುತ್ತಿದೆ, ಶಾಖ ಸುರಿಯುತ್ತಿದೆ, ಎದುರುಗಾಳಿ ಇಲ್ಲವೇ ಇಲ್ಲ. ಗಾಳಿ ಎಳೆಯುವ ಭಾರವೆಲ್ಲ ಫ್ಯಾನಿನದ್ದು. ಆ ಫ್ಯಾನಿಗೆ ಎಳೆಯಲಾಗದಷ್ಟು ದಪ್ಪದ ಕೋರ್ ಇಟ್ಟರೆ ದುಡ್ಡು ಕೊಟ್ಟು ಬಿಸಿ ತಂದಂತೆ.

ಫಿನ್‌ಗಳ ದಟ್ಟಣೆಯದ್ದೂ ಇದೇ ಲೆಕ್ಕ. ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಫಿನ್ ಇವೆ ಎಣಿಸಿ. 10 ಇರುವ ಕೋರ್‌ಗಿಂತ 16 ಇರುವ ಕೋರ್ ಕಾಗದದ ಮೇಲೆ ಮೇಲು. ಆದರೆ ಮಲೆನಾಡಿನ ಕೆಸರು, ಹುಲ್ಲಿನ ಬೀಜ, ಒಣಗಿದ ಎಲೆಚೂರು ದಟ್ಟ ಫಿನ್ ನಡುವೆ ಸಿಕ್ಕಿಕೊಂಡರೆ ಹೊರಬರುವುದಿಲ್ಲ. ಕೆಸರಲ್ಲಿ ಓಡುವ ಗಾಡಿಗೆ ಸ್ವಲ್ಪ ವಿರಳವಾದ ಫಿನ್ನೇ ವಾಸಿ.

ಇನ್ನೊಂದು ಕಣ್ಣಿಗೆ ಕಾಣದ ಜಾಗ ಇದೆ. ಎಸಿ ಕಂಡೆನ್ಸರ್ ರೇಡಿಯೇಟರ್ ಮುಂದೆ ಇರುತ್ತದೆ. ಕೆಲವು ಗಾಡಿಗಳಲ್ಲಿ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಕೂಡ ಅಲ್ಲೇ. ಇವುಗಳ ನಡುವಿನ ಸಂದಿಯಲ್ಲಿ ಕೆಸರು ಹಲಗೆಯಂತೆ ಕಟ್ಟಿಕೊಂಡಿರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಶುಭ್ರ. ಕಂಡೆನ್ಸರ್ ಸರಿಸಿದರೆ ಬಣ್ಣ ಬಯಲು. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಬೇಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಲಗಿಬಿಡುತ್ತದೆ.

ಮುಂದೆ ಕಟ್ಟಿದ ಬುಲ್‌ಬಾರ್, ಅದರ ಮೇಲೆ ನಾಲ್ಕು ಲೈಟು, ವಿಂಚ್, ಇವೂ ಗಾಳಿ ತಡೆಯುತ್ತವೆ. ಅಂದಹಾಗೆ ಬುಲ್‌ಬಾರ್ ಹಾಕುವುದು ಕಾನೂನಿಗೂ ವಿರುದ್ಧ. ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು.

ಅಂಗಡಿಗೆ ಹೋಗುವ ಮುಂಚೆ ಗುರುತು ಹಾಕಿಕೊಳ್ಳಿ

ಗಾಡಿಯ ಹೆಸರು ಒಂದೇ ಆದರೂ ಒಳಗಿನ ಎಂಜಿನ್ ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. ಬೊಲೆರೊ ಅಂದರೆ ಯಾವ ಬೊಲೆರೊ? ಥಾರ್ ಅಂದರೆ 2020ಕ್ಕೆ ಮುಂಚಿನದ್ದೋ, ಆಮೇಲಿನದ್ದೋ? ಆರ್‌ಸಿ ಪುಸ್ತಕದಲ್ಲಿರುವ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಫೋಟೊ ಇಟ್ಟುಕೊಳ್ಳಿ. ಸಾಧ್ಯವಾದರೆ ಹಳೆಯ ರೇಡಿಯೇಟರನ್ನೇ ಹೊತ್ತುಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ.

ಅಳೆಯಬೇಕಾದ್ದು ಕೋರ್‌ನ ಅಗಲ, ಎತ್ತರ, ದಪ್ಪ. ಟ್ಯಾಂಕ್ ಸೇರಿಸಬೇಡಿ. ಮೇಲಿನ, ಕೆಳಗಿನ ಪೈಪಿನ ಬಾಯಿ ಯಾವ ಕಡೆ, ಎಷ್ಟು ದಪ್ಪ ಎಂದು ನೋಡಿ. ಕೆಳಗೆ ರಬ್ಬರ್‌ನಲ್ಲಿ ಕೂರುವ ಗೂಟಗಳ ಅಂತರ ನೋಡಿ. ಫ್ಯಾನ್ ಸುತ್ತ ಕವಚ ಇರುತ್ತದಲ್ಲ, ಅದನ್ನು ಬಿಗಿಯುವ ಬೋಲ್ಟ್ ತೂತುಗಳು ಹೊಸದರಲ್ಲೂ ಇರಲೇಬೇಕು. ಎಷ್ಟೋ ಗ್ಯಾರೇಜುಗಳಲ್ಲಿ "ಇದು ಕೂರ್ತಾ ಇಲ್ಲ" ಎಂದು ಆ ಕವಚವನ್ನೇ ಮೂಲೆಗೆ ಎಸೆಯುತ್ತಾರೆ. ಕವಚ ಇಲ್ಲದ ಫ್ಯಾನ್ ಕೋರ್ ಮೂಲಕ ಗಾಳಿ ಎಳೆಯುವ ಬದಲು ಪಕ್ಕದಿಂದ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಫೋರ್ ಲೋ ಏರಿನಲ್ಲಿ ಇದರ ಫಲ ತಕ್ಷಣ ಕಾಣುತ್ತದೆ.

ಆಟೊಮ್ಯಾಟಿಕ್ ಗೇರಿನ ಗಾಡಿಯವರು ಇನ್ನೂ ಒಂದು ವಿಷಯ ಗಮನಿಸಬೇಕು. ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗಿಸುವ ಪುಟ್ಟ ಕೂಲರ್ ರೇಡಿಯೇಟರ್ ಟ್ಯಾಂಕ್ ಒಳಗೇ ಅಡಗಿರುತ್ತದೆ. ಹೊರಗೆ ಎರಡು ಸಣ್ಣ ಪೈಪ್ ಬಾಯಿ ಕಂಡರೆ ಅದೇ. ಅದು ಒಳಗೆ ತೂತಾದರೆ ಕೂಲಂಟ್ ಗೇರ್‌ಬಾಕ್ಸ್ ಒಳಗೆ ಹೋಗುತ್ತದೆ. ಎಂಜಿನ್ ಖರ್ಚಿನ ಜೊತೆ ಗೇರ್‌ಬಾಕ್ಸ್ ಖರ್ಚೂ ಸೇರುತ್ತದೆ. ಹಾಗಾಗಿ ಆಟೊಮ್ಯಾಟಿಕ್‌ಗೆ ಗುಜರಿಯ ರೇಡಿಯೇಟರ್ ಬೇಡವೇ ಬೇಡ. ಮ್ಯಾನುವಲ್ ಗಾಡಿಯ ರೇಡಿಯೇಟರ್ ಕೂಡ ಹೊಂದುವುದಿಲ್ಲ.

ಟರ್ಬೊ ಒಡೆದೋ ಬೇರಿಂಗ್ ಕಚ್ಚಿಯೋ ಎಂಜಿನ್ ಹೋಗಿದ್ದರೆ ರೇಡಿಯೇಟರ್‌ಗಿಂತ ಮೊದಲು ಇಂಟರ್‌ಕೂಲರ್ ಮತ್ತು ಆಯಿಲ್ ಕೂಲರ್ ನೋಡಿ. ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲನ್ನು ಎಂಜಿನ್ ಎಳೆದುಕೊಂಡರೆ ಅದನ್ನೇ ಡೀಸೆಲ್‌ನಂತೆ ಉರಿಸಿ, ಕೀ ತೆಗೆದರೂ ನಿಲ್ಲದೆ ಕಿರುಚುತ್ತದೆ. ಆಯಿಲ್ ಕೂಲರ್‌ನಲ್ಲಿ ಉಳಿದ ಲೋಹದ ಪುಡಿ ಹೊಸ ಬೇರಿಂಗನ್ನು ತಿನ್ನುತ್ತದೆ.

ಮುಚ್ಚಳ, ಥರ್ಮೋಸ್ಟಾಟ್, ಫ್ಯಾನ್

ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂಥ ಅಂಕಿ ಇರುತ್ತದೆ. ಅಷ್ಟು ಬಾರ್ ಒತ್ತಡದವರೆಗೆ ಅದು ಬಿಗಿಯಾಗಿ ಹಿಡಿದಿರುತ್ತದೆ ಎಂದರ್ಥ. ಒತ್ತಡ ಹೆಚ್ಚಿದರೆ ನೀರು ಕುದಿಯುವ ಬಿಸಿಯೂ ಹೆಚ್ಚುತ್ತದೆ. ಸಮುದ್ರ ಮಟ್ಟದಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, 1.1 ಬಾರ್ ಮುಚ್ಚಳ ಇದ್ದರೆ ಸುಮಾರು 121 ಡಿಗ್ರಿಗೆ. ಎತ್ತರಕ್ಕೆ ಹೋದಂತೆ ಇದು ಇಳಿಯುತ್ತದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94ರ ಒಳಗೇ. ಮುಚ್ಚಳದ ರಬ್ಬರ್ ಹರಿದಿದ್ದರೆ ನಿಮ್ಮ ಎಂಜಿನ್ ಒಳಗಿನ ಸ್ಥಿತಿಯೂ ಅದೇ. ಆದ್ದರಿಂದ ಹೊಸ ರೇಡಿಯೇಟರ್‌ಗೆ ಹೊಸ ಮುಚ್ಚಳ, ಅದೂ ಕಂಪನಿ ಹೇಳಿದ ಅಂಕಿಯದೇ. ಇನ್ನೂ ಹೆಚ್ಚಿನ ಅಂಕಿಯದು ಹಾಕಿದರೆ ಹೋಸ್ ಪೈಪ್, ಹೀಟರ್ ಎಲ್ಲಕ್ಕೂ ಒತ್ತಡ ಏರುತ್ತದೆ.

ಥರ್ಮೋಸ್ಟಾಟ್ ಒಂದು ತಾನಾಗಿ ತೆರೆಯುವ ಬಾಗಿಲು. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯಲು ಶುರುಮಾಡುತ್ತದೆ. "ನಮ್ಮ ಸೆಖೆಗೆ ಇದು ಬೇಡ" ಎಂದು ಕಿತ್ತೆಸೆಯುವವರಿದ್ದಾರೆ. ಬಹಳ ಎಂಜಿನ್ನುಗಳಲ್ಲಿ ಇದರ ಹಿಂಭಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಕಿತ್ತರೆ ಆ ದಾರಿ ಸದಾ ತೆರೆದಿರುತ್ತದೆ. ಒಂದಿಷ್ಟು ಬಿಸಿ ಕೂಲಂಟ್ ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್ನಿಗೆ ವಾಪಸ್ ಹೋಗುತ್ತದೆ. ಏರಿನಲ್ಲಿ ಬಿಸಿ ಜಾಸ್ತಿ, ಸಪಾಟಿನಲ್ಲಿ ಎಂಜಿನ್ ತಣ್ಣಗೆ ಓಡಿ ಬೋರ್ ಸವೆತ. ಎರಡೂ ಕಡೆ ನಷ್ಟ.

ಬೆಲ್ಟಿನಿಂದ ತಿರುಗುವ ಫ್ಯಾನ್ ಇದ್ದರೆ ನಡುವಿನ ಕ್ಲಚ್ ಪರೀಕ್ಷಿಸಿ. ಎಂಜಿನ್ ಆಫ್ ಮಾಡಿ, ಬಿಸಿ ಇರುವಾಗ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಬಿಗಿ ಇರಬೇಕು. ಗಿರಗಿರ ತಿರುಗಿದರೆ ಕೆಟ್ಟಿದೆ. ಹಳೆಯ ರೇಡಿಯೇಟರ್‌ನ ಹಿಂಭಾಗದಲ್ಲಿ ಗುಂಡಗೆ ಕೊರೆದ ಗುರುತಿದ್ದರೆ ಅದು ಹಳ್ಳ ದಾಟಿದ ಗುರುತು. ಆಳದ ನೀರಿನಲ್ಲಿ ಫ್ಯಾನ್ ರೆಕ್ಕೆ ದೋಣಿಯ ಪಂಖದಂತೆ ನೀರು ತಳ್ಳುತ್ತಾ ಮುಂದಕ್ಕೆ ಬಾಗಿ ಕೋರ್ ಕೊರೆಯುತ್ತದೆ. ಹಾಗಾಗಿ ಹೊಸ ರೇಡಿಯೇಟರ್‌ಗೂ ಫ್ಯಾನಿಗೂ ನಡುವಿನ ಅಂತರ ಹಳೆಯದಕ್ಕಿಂತ ಕಡಿಮೆಯಾಗಬಾರದು. ದಪ್ಪ ಕೋರ್ ಬೇಡ ಅನ್ನಲು ಇದೂ ಒಂದು ಕಾರಣ.

ಯಾವ ಕೂಲಂಟ್?

ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಹಸಿರು, ಕೆಂಪು, ಗುಲಾಬಿ ಅನ್ನುವುದು ತಯಾರಕರ ಇಷ್ಟ, ಅದಕ್ಕೆ ಒಂದೇ ನಿಯಮ ಇಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆ ಯಾವುದೋ ಅದು. ಎರಡು ಬೇರೆ ಬಗೆ ಬೆರೆಸಿದರೆ ತುಕ್ಕು ತಡೆಯುವ ಗುಣ ಕಡಿಮೆಯಾಗಬಹುದು, ಕೆಲವು ಗಂಜಿಯಂತೆ ಗಟ್ಟಿಯಾಗುವುದೂ ಉಂಟು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ ನಿಜ. ಆದರೂ ಗ್ಲೈಕಾಲ್ ಕುದಿಯುವ ಬಿಸಿಯನ್ನು ಏರಿಸುತ್ತದೆ, ಅದರ ಜೊತೆಗಿರುವ ರಾಸಾಯನಿಕಗಳು ಅಲ್ಯೂಮಿನಿಯಂ ತಿಂದುಹೋಗದಂತೆ ಕಾಯುತ್ತವೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎಂಬುದೂ ತಪ್ಪು. ಶಾಖ ಹೊರುವುದರಲ್ಲಿ ನೀರೇ ಗ್ಲೈಕಾಲ್‌ಗಿಂತ ಮುಂದೆ. ಅರ್ಧಕ್ಕರ್ಧ ದಾಟಿಸಬೇಡಿ. ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ.

ಕೂರಿಸಿದ ಮೇಲೆ

ಹೊಸ ರೇಡಿಯೇಟರ್ ಜೋಡಿಸುವ ಮುಂಚೆ ಎಂಜಿನ್ ಬ್ಲಾಕ್ ಮತ್ತು ಕ್ಯಾಬಿನ್ ಹೀಟರ್ ಎರಡನ್ನೂ ನೀರು ತಿಳಿಯಾಗಿ ಬರುವವರೆಗೆ ತೊಳೆಸಿ. ಇಲ್ಲದಿದ್ದರೆ ಹಳೆಯ ಕಸವೆಲ್ಲ ಮೊದಲ ದಿನವೇ ಹೊಸ ಕೊಳವೆಗೆ ಬಂದು ಕೂರುತ್ತದೆ. ಕೂಲಂಟ್ ತುಂಬಿಸುವಾಗ ಗಾಡಿಯ ಮೂತಿ ಏರಿನ ಕಡೆಗಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಡಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ತೆರೆಯಿರಿ. ಹೆಡ್‌ನಲ್ಲಿ ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡರೆ ಅಲ್ಲಿ ಲೋಹ ಒಂಟಿಯಾಗಿ ಕಾಯುತ್ತದೆ.

ಎಂಜಿನ್ ಬಿಸಿಯಾಗಿ ಫ್ಯಾನ್ ಜೋರಾದ ಮೇಲೆ ಮೇಲಿನ, ಕೆಳಗಿನ ಪೈಪಿನ ಬಿಸಿ ಅಳೆದು ಬರೆದಿಡಿ. ಪೂರ್ತಿ ಲೋಡಿನಲ್ಲೂ ಇವೆರಡರ ಅಂತರ ಹತ್ತು ಡಿಗ್ರಿ ಆಸುಪಾಸು ಇರುವುದು ಸಹಜ. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಅಥವಾ ಎಲ್ಲೋ ಕಟ್ಟಿದೆ.

ಅಲ್ಯೂಮಿನಿಯಂ ರೇಡಿಯೇಟರ್ ಆದರೆ ಮಲ್ಟಿಮೀಟರ್ ತಂದು ಒಂದು ಪರೀಕ್ಷೆ ಮಾಡಿ. ಕಪ್ಪು ತಂತಿ ಬ್ಯಾಟರಿಯ ಮೈನಸ್‌ಗೆ, ಕೆಂಪು ತಂತಿ ತುದಿ ಕೂಲಂಟ್‌ನಲ್ಲಿ, ಲೋಹಕ್ಕೆ ತಾಗದಂತೆ. ಇದನ್ನು ಎಂಜಿನ್ ತಣ್ಣಗಿರುವಾಗಲೇ, ಮುಚ್ಚಳ ತೆಗೆದು ಶುರುಮಾಡಿ. ಲೈಟು, ಎಸಿ, ವಿಂಚ್ ಒಂದೊಂದಾಗಿ ಹಾಕಿ ನೋಡಿ. 0.3 ವೋಲ್ಟ್ ದಾಟಿದರೆ ಎಲ್ಲೋ ಅರ್ತ್ ಸರಿಯಿಲ್ಲ, ಕರೆಂಟ್ ಕೂಲಂಟ್ ಮೂಲಕ ಹರಿಯುತ್ತಿದೆ. ಹೀಗೆ ಬಿಟ್ಟರೆ ಹೊಸ ಕೋರ್ ಒಳಗಿನಿಂದ ಸೂಜಿಮೊನೆಯಂಥ ತೂತು ಬೀಳುತ್ತದೆ. ಆಮೇಲೆ ಹಾಕಿಸಿದ ಲೈಟುಗಳ ಅರ್ತ್ ತಂತಿಯನ್ನು ರೇಡಿಯೇಟರ್ ಬ್ರಾಕೆಟ್‌ಗೇ ಬಿಗಿದಿರುತ್ತಾರೆ, ಮೊದಲು ಅಲ್ಲೇ ಹುಡುಕಿ.

ಮೊದಲ ವಾರ ದಿನಾ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಮೊದಲ ಒಂದೆರಡು ದಿನ ಚೂರು ಇಳಿದರೆ ಅದು ಒಳಗಿದ್ದ ಗಾಳಿ ಹೊರಬಂದದ್ದು, ತುಂಬಿಸಿದರೆ ಸಾಕು. ಆಮೇಲೂ ಇಳಿಯುತ್ತಲೇ ಇದ್ದು ಹೊರಗೆಲ್ಲೂ ತೇವ ಕಾಣದಿದ್ದರೆ, ಇಲ್ಲವೇ ರಾತ್ರಿಯಿಡೀ ನಿಂತ ಗಾಡಿಯ ಮೇಲಿನ ಹೋಸ್ ಪೈಪ್ ಬೆಳಗ್ಗೆಯೂ ಗಟ್ಟಿಯಾಗಿ ಉಬ್ಬಿಕೊಂಡೇ ಇದ್ದರೆ, ಗಾಡಿ ತೆಗೆಯಬೇಡಿ. ಗ್ಯಾಸ್ಕೆಟ್ ಮತ್ತೆ ಬಿಟ್ಟಿರುವ ಲಕ್ಷಣ ಅದು. ಕೂಲಂಟ್‌ನಲ್ಲಿ ಹೊಗೆ ಸೇರುತ್ತಿದೆಯೋ ಇಲ್ಲವೋ ಎಂದು ಬಣ್ಣ ಬದಲಾಗುವ ದ್ರವದಿಂದ ನೋಡುವ ಪರೀಕ್ಷೆ ಇದೆ. ಕೂಲಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ ಅದು ಹಳದಿಯಾದರೆ ತಪ್ಪು ರೇಡಿಯೇಟರಿನದಲ್ಲ, ಹೆಡ್ ಕೆಲಸ ಮಾಡಿದವರನ್ನು ಕೇಳಬೇಕು.